ಗುದ್ದು ಹೋಯಿತು, ಪಟ್ಟು ಉಳಿಯಿತು: ಬೆಂಗಳೂರಿನ ಗರಡಿಯಲ್ಲಿ ನಾಲ್ಕು ದಿನ

ಗುರುವಾರ

ದಾವಣಗೆರೆಯಿಂದ ಬೆಂಗಳೂರಿನ ಅಕ್ಕನ ಮನೆಗೆ ಹೊರಟವನ ಚೀಲದಲ್ಲಿ ಬೆಣ್ಣೆ ಇರಲೇಬೇಕು, ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಈ ಸಲ ಬೆಣ್ಣೆಯ ಡಬ್ಬಿಯ ಕೆಳಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಇನ್ನೊಂದು ಗಂಟೂ ಇತ್ತು. ಇಪ್ಪತ್ತೆಂಟು ವರ್ಷಗಳಿಂದ ನಾನು ತೊಡದ ಕುಸ್ತಿಯ ಚಲ್ಲಣ. ಐವತ್ತೆರಡರ ಈ ಹೊಟ್ಟೆಗೆ ಅದು ಏರುವುದಿಲ್ಲವೆಂದು ಗೊತ್ತಿದ್ದೂ ಯಾಕೆ ತಂದೆನೋ.

ಬಂದ ಕಾರಣ ಒಂದು ಮಾತು. ಅಕ್ಕನ ಮಗ ಒಂದು ವರ್ಷದಿಂದ ‘ಮಿಕ್ಸೆಡ್ ಮಾರ್ಷಲ್ ಆರ್ಟ್ಸ್’ ಕಲಿಯುತ್ತಿದ್ದಾನೆ. ಯುಗಾದಿಗೆ ಊರಿಗೆ ಬಂದಾಗ ಹೋಳಿಗೆ ಮೆಲ್ಲುತ್ತಾ, “ಮಾವ, ನಮ್ಮದು ಹತ್ತು ಕಡೆಯಿಂದ ಎತ್ತಿ ತಂದು ಬೆರೆಸಿದ್ದು. ಬಾಕ್ಸಿಂಗಿನ ಗುದ್ದು, ಥಾಯ್ಲೆಂಡಿನವರ ಒದೆ, ಬ್ರೆಜಿಲ್‌ನವರ ನೆಲದ ಪಟ್ಟು. ನಿಮ್ಮ ಕುಸ್ತಿ ಹಾಗಲ್ಲ, ಶುದ್ಧ ನಮ್ಮ ನೆಲದ್ದು” ಎಂದಿದ್ದ. ಹೊಗಳಿಕೆಯೇ ಸರಿ. ಆದರೂ ಹೋಳಿಗೆ ನನ್ನ ಗಂಟಲಲ್ಲಿ ನಿಂತಿತು. ನನ್ನ ತಾತ ತಮ್ಮನ್ನು ಪೈಲ್ವಾನ್ ಎಂದುಕೊಳ್ಳುತ್ತಿದ್ದರು, ಕಲಿಸಿದವರನ್ನು ಉಸ್ತಾದ್ ಎನ್ನುತ್ತಿದ್ದರು. ಬಾದಾಮಿ, ತುಪ್ಪ, ಹಾಲಿಗೆ ಖುರಾಕು. ಮೈ ತಿಕ್ಕಿಸಿಕೊಂಡರೆ ಮಾಲೀಶು. ದೊಡ್ಡ ಪಂದ್ಯವೆಂದರೆ ಜಂಗೀ ಕುಸ್ತಿ. ಎಲ್ಲವೂ ಪಾರಸಿ ಪದಗಳು. ಕುಸ್ತಿ ಎಂಬ ಹೆಸರೇ ಪಾರಸಿಯ ಕುಶ್ತಿ. ಶುದ್ಧ ನಮ್ಮ ನೆಲದ್ದಕ್ಕೆ ಇಷ್ಟೊಂದು ಹೊರಗಿನ ನೆಂಟರು ಹೇಗೆ ಬಂದರು? ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನಿಗೆ ಇಂಥ ಪ್ರಶ್ನೆ ತಲೆಗೆ ಹೊಕ್ಕರೆ ರಜೆ ಹಾಕದೆ ಬೇರೆ ದಾರಿಯಿಲ್ಲ.

ಚಾಮರಾಜಪೇಟೆಯ ಮನೆಯಲ್ಲಿ ಊಟ ಮುಗಿಸಿ ಸಂಜೆ ಅಳಿಯನ ಜಿಮ್ ನೋಡಲು ಹೋದೆ. ಮೂರನೇ ಮಹಡಿ, ತಣ್ಣನೆಯ ಗಾಳಿ, ನೀಲಿ ರಬ್ಬರಿನ ಹಾಸು. ಹುಡುಗರ ಬೆವರು ನೆಲಕ್ಕೆ ಬಿದ್ದೊಡನೆ ಒಬ್ಬ ಬಟ್ಟೆ ಹಿಡಿದು ಒರೆಸುತ್ತಿದ್ದ. ಗರಡಿಯಲ್ಲಿ ಬೆವರನ್ನು ಮಣ್ಣೇ ಕುಡಿಯುತ್ತದೆ. ಮೂಲೆಯಲ್ಲಿ ಉದ್ದ ಹಿಡಿಯ, ತುದಿಗೆ ಗುಂಡು ಇರುವ ಉಕ್ಕಿನ ಸಾಧನಗಳ ಸಾಲು. “ಇದು ಸ್ಟೀಲ್ ಮೇಸ್, ಮಾವ. ಅಮೆರಿಕದಿಂದ ಬಂದ ಹೊಸ ಕಸರತ್ತು” ಎಂದ. ನಮ್ಮ ಆಂಜನೇಯನ ಗದೆ! ಪಕ್ಕದಲ್ಲಿದ್ದ ಮರದ ಮುದ್ಗರಗಳಿಗೆ ಆ ಜಿಮ್ಮಿನಲ್ಲೂ ‘ಇಂಡಿಯನ್ ಕ್ಲಬ್ಸ್’ ಎಂದೇ ಹೆಸರು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯದವರು ಇಲ್ಲಿ ಪೈಲ್ವಾನರು ಅವನ್ನು ಬೀಸುವುದನ್ನು ಕಂಡು ಊರಿಗೆ ಒಯ್ದರು. ಅಲ್ಲಿ ಅದು ಎಷ್ಟು ಬೇರೂರಿತೆಂದರೆ 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಮುದ್ಗರ ಬೀಸುವುದೇ ಒಂದು ಸ್ಪರ್ಧೆಯಾಗಿತ್ತು. ಇದನ್ನೆಲ್ಲ ಹೇಳಲು ಬಾಯಿ ತೆರೆದೆ. ಅಳಿಯ ಹಲ್ಲಿಗೆ ರಬ್ಬರಿನ ಕವಚ ಸಿಕ್ಕಿಸಿಕೊಂಡು ಗುದ್ದಾಟಕ್ಕೆ ನಿಂತಾಗಿತ್ತು.

ಶುಕ್ರವಾರ

ಬೆಳಗಿನ ಐದಕ್ಕೆ ಪೇಟೆಯ ಗರಡಿ ಮನೆ. ಊರಿನ ಹಳೆಯ ಪೈಲ್ವಾನರೊಬ್ಬರು ಕೊಟ್ಟ ಗುರುತಿನ ಮೇಲೆ ಹುಡುಕಿಕೊಂಡು ಹೋದೆ. ಹಗಲಿನಲ್ಲಿ ಕಾಲಿಡಲು ಜಾಗವಿಲ್ಲದ ಆ ಓಣಿಯಲ್ಲಿ ಆ ಹೊತ್ತಿಗೆ ಒಂದು ಹಸುವೂ ಹೂವಿನ ಮೂಟೆ ಹೊತ್ತ ಒಬ್ಬನೂ ಮಾತ್ರ. ಜರಿ ಅಂಗಡಿ, ಪಾತ್ರೆ ಅಂಗಡಿಗಳ ನಡುವೆ ಒಂದು ತಗ್ಗು ಬಾಗಿಲು. ನಮ್ಮೂರಿನದರಂತೆಯೇ ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ಎದುರಿಗೆ ಸಿಂಧೂರ ಬಳಿದ ಆಂಜನೇಯ, ಕೆಳಗೆ ಕುಸ್ತಿಯಾಡುವ ಕೆಮ್ಮಣ್ಣಿನ ಅಂಕಣ, ಅಂದರೆ ಮಟ್ಟಿ. ಮೂಗಿಗೆ ಅಡರಿದ ವಾಸನೆ ಇಪ್ಪತ್ತೆಂಟು ವರ್ಷಗಳನ್ನು ಒಂದೇ ಉಸಿರಿಗೆ ಎತ್ತಿ ಬಿಸಾಡಿತು. ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆ, ಕರ್ಪೂರ ಮಣ್ಣಿನಲ್ಲಿ ಕಲೆತು ಹಳೆಯದಾದ ವಾಸನೆ ಅದು.

ಉಸ್ತಾದರಿಗೆ ಎಪ್ಪತ್ತು ದಾಟಿದೆ. ಕಿವಿಗಳು ಮುರುಟಿದ ಹೂಕೋಸಿನಂತೆ. ನನ್ನ ಕೈಗೆ ಗುದ್ದಲಿ ಕೊಟ್ಟು, “ಮೇಷ್ಟ್ರೇ, ಮಾತು ಆಮೇಲೆ. ಮೊದಲು ಮಣ್ಣು ತಿರುವಿ” ಎಂದರು. ಮಟ್ಟಿಯನ್ನು ದಿನವೂ ಅಗೆದು ಹದ ಮಾಡದಿದ್ದರೆ ಮಣ್ಣು ಕಲ್ಲಾಗಿ ಬಿದ್ದವನ ಬೆನ್ನು ಮುರಿಯುತ್ತದೆ. ಅಗೆಯುವುದೇ ಮೊದಲ ಸಾಮು. ಹತ್ತು ನಿಮಿಷಕ್ಕೆ ನನ್ನ ಸೊಂಟ ಸೋತಿತು. ಒಬ್ಬ ಹುಡುಗ ಮರ್ಯಾದೆಯಿಂದ ಗುದ್ದಲಿ ಕಿತ್ತುಕೊಂಡ.

ಹುಡುಗರು ಒಬ್ಬೊಬ್ಬರಾಗಿ ಮಟ್ಟಿಗೆ ಇಳಿದರು. ಇಳಿಯುವ ಮುನ್ನ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡರು. ಆ ಕ್ಷಣ ನನಗೆ ನೆನಪಾದದ್ದು ಇರಾನು. ಅಲ್ಲಿನ ಜೂರ್‌ಖಾನೆ ಎಂದರೆ ಬಲದ ಮನೆ. ಅದಕ್ಕೂ ತಗ್ಗು ಬಾಗಿಲು. ಒಳಗೆ ಎಂಟು ಮೂಲೆಯ, ನೆಲಮಟ್ಟಕ್ಕಿಂತ ಕೆಳಗಿರುವ ಗುಂಡಿ. ಅಲ್ಲೂ ಇಳಿಯುವಾಗ ನೆಲ ಮುಟ್ಟಿ ಕೈಯನ್ನು ತುಟಿಗೆ ಒತ್ತಿಕೊಳ್ಳುತ್ತಾರೆ. ಅಲ್ಲೂ ಮರದ ಜೋಡಿ ಮುದ್ಗರಗಳಿವೆ, ಹೆಸರು ಮೀಲ್. ಎತ್ತರದ ಪೀಠದ ಮೇಲೆ ಕುಳಿತ ಮೊರ್ಶೆದ್ ಡೋಲು ಬಾರಿಸುತ್ತಾ ಪದ್ಯ ಹಾಡುತ್ತಾನೆ, ಆ ಲಯಕ್ಕೆ ಎಲ್ಲರೂ ಸಾಮು ತೆಗೆಯುತ್ತಾರೆ. ಯುನೆಸ್ಕೊ 2010ರಲ್ಲಿ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಅಲಿಯ ಹೆಸರು, ಇಲ್ಲಿ ಆಂಜನೇಯನ ಹೆಸರು. ಉಳಿದದ್ದನ್ನು ಅಣ್ಣತಮ್ಮಂದಿರ ಮನೆ ಎನ್ನಬಹುದು.

ಹಾಗೆಂದು ‘ಹಾಗಾದರೆ ಎಲ್ಲವೂ ಅಲ್ಲಿಂದಲೇ ಬಂತು’ ಎಂದು ಹಾರುವವರನ್ನು ಕಂಡರೂ ನನಗಾಗದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಅಧ್ಯಾಯವೇ ಇದೆ. ಮಲ್ಲರ ದರ್ಜೆಗಳು, ಅವರಿಗೆ ಕೊಡಬೇಕಾದ ಆಹಾರ, ಭಾರ ಎತ್ತುವ ಭಾರಶ್ರಮ, ಈಜುವ ಸಲಿಲಶ್ರಮ, ಕಂಬ ಹತ್ತಿ ಮಾಡುವ ಸ್ತಂಭಶ್ರಮ ಎಲ್ಲವೂ ಅಲ್ಲಿ ಬರುತ್ತವೆ. ಗರುಡಿ ಎಂಬ ಪದ ವಚನಗಳಲ್ಲೇ ಉಂಟು. ಹೊರಗಿನ ಪೈಲ್ವಾನ ಬಂದಾಗ ಇಲ್ಲಿನ ಮಟ್ಟಿ ಖಾಲಿಯಿರಲಿಲ್ಲ.

ಎರಡೂ ಎಲ್ಲಿ ಕಲೆತವು? ಮೊಗಲರ ಕಾಲದಲ್ಲಿ, ಉತ್ತರದಲ್ಲಿ ಎಂಬುದು ಸಾಮಾನ್ಯವಾಗಿ ಕೇಳುವ ಉತ್ತರ. ನನ್ನ ಊಹೆ ಸ್ವಲ್ಪ ಬೇರೆ, ಊಹೆಯೆಂದೇ ಹೇಳುತ್ತೇನೆ. ಸೋಮೇಶ್ವರನ ಕಲ್ಯಾಣ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅವನಾದ ಮೂರು ಶತಮಾನಕ್ಕೆ ಅದೇ ಜಿಲ್ಲೆಯ ಬೀದರಿನಲ್ಲಿ ಬಹಮನಿಗಳ ಪಾರಸಿ ಆಸ್ಥಾನ. ಅಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗವಾನ್ ಇರಾನಿನ ಗೀಲಾನ್‌ನವನು. ಮಲ್ಲವಿನೋದವೂ ಪಾರಸಿಯೂ ಒಂದೇ ಜಿಲ್ಲೆಯಲ್ಲಿ ಇರುವಾಗ ನಮ್ಮ ನಾಡಿನ ಪೈಲ್ವಾನ ಆ ಮಾತು ಕಲಿಯಲು ಆಗ್ರಾದವರೆಗೂ ಯಾಕೆ ಹೋಗಬೇಕು?

ಇದನ್ನು ಉಸ್ತಾದರಿಗೆ ಹೇಳಿದೆ. ಅವರಿಗೆ ಬೀದರಿನ ಗೊಡವೆ ಬೇಕಿರಲಿಲ್ಲ. “ನಮ್ಮ ಉಸ್ತಾದರ ಉಸ್ತಾದರು ಸಾಬರು. ಆಂಜನೇಯನಿಗೆ ಕೈ ಮುಗಿಯದೆ ಮಟ್ಟಿಗೆ ಇಳಿದವನಿಗೆ ಅವರೇ ಬೆತ್ತದಲ್ಲಿ ಬಾರಿಸುತ್ತಿದ್ದರಂತೆ” ಎಂದು ನಕ್ಕರು.

ಅಷ್ಟರಲ್ಲಿ ಮಟ್ಟಿಯಲ್ಲಿ ಸದ್ದು. ಪಟ್ಟು ಬಿಡಿಸಿಕೊಳ್ಳಲಾಗದ ಹುಡುಗನೊಬ್ಬ ಸಿಟ್ಟಿಗೆ ಎದುರಾಳಿಯ ಪಕ್ಕೆಗೆ ಮುಷ್ಟಿಯಿಂದ ತಿವಿದಿದ್ದ. ಉಸ್ತಾದರು ಕುಳಿತಲ್ಲಿಂದಲೇ ಗುಡುಗಿದರು: “ಕೈ ಎತ್ತಿದೆಯಾ? ಮೇಲೆ ಬಾ!” ಹುಡುಗ ಮೇಲೆ ಬಂದು ನೂರು ಬಸ್ಕಿ ಹೊಡೆದ. ಕುಸ್ತಿಯಲ್ಲಿ ಗುದ್ದುವಂತಿಲ್ಲ, ಒದೆಯುವಂತಿಲ್ಲ. ಎದುರಾಳಿಯ ಎರಡೂ ಭುಜ ಮಣ್ಣಿಗೆ ತಾಗಿಸಿದರೆ ಚಿತ್. ಬೆನ್ನಿಗೆ ಮಣ್ಣು ಹತ್ತಿತೇ ಇಲ್ಲವೇ ಎಂಬುದಷ್ಟೇ ಲೆಕ್ಕ.

ಆ ಹುಡುಗ ಬಸ್ಕಿ ಎಣಿಸುತ್ತಿದ್ದಂತೆ ನನ್ನ ತಲೆಯಲ್ಲಿ ಬೇರೊಂದು ಎಣಿಕೆ ಶುರುವಾಯಿತು. ಸುಮಾರು 1520ರಲ್ಲಿ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಮಲ್ಲರ ಬಗ್ಗೆ ಬರೆದದ್ದು ನೆನಪಾಯಿತು. ಇವರ ಕಾಳಗ ನಮ್ಮದರಂತಲ್ಲ, ಹಲ್ಲು ಉದುರುವಂತೆ, ಕಣ್ಣು ಹೋಗುವಂತೆ ಹೊಡೆಯುತ್ತಾರೆ ಎನ್ನುತ್ತಾನೆ ಅವನು. ಹಾಗಾದರೆ ನಮ್ಮ ಮಲ್ಲಯುದ್ಧದಲ್ಲಿ ಗುದ್ದು ಇತ್ತು! ಬೆರಕೆಯಾದ ಮೇಲೆ ಅದು ಎಲ್ಲಿ ಹೋಯಿತು? ಪಾಯಸಕ್ಕೆ ಏನೇನು ಹಾಕಿದರೆಂದು ಕೇಳುವ ನಾವು, ಏನನ್ನು ಹಾಕದೆ ಬಿಟ್ಟರು ಎಂದು ಕೇಳುವುದಿಲ್ಲ. ಅಳಿಯ ರಬ್ಬರಿನ ಹಾಸಿನ ಮೇಲೆ ಬೆರೆಸುತ್ತಿರುವುದು ಹೊಸದೇನಲ್ಲ, ನಾಲ್ಕೈದು ನೂರು ವರ್ಷಗಳ ಹಿಂದೆ ಕೈಬಿಟ್ಟ ಗುದ್ದನ್ನು ವಾಪಸು ತರುತ್ತಿದ್ದಾನೆ ಅನ್ನಿಸಿತು.

ಶನಿವಾರ

ಬೆಳಗ್ಗೆ ಹಳೆಯ ಗ್ರಂಥಾಲಯವೊಂದಕ್ಕೆ ಹೋಗಿ ಬೀಗ ನೋಡಿಕೊಂಡು ಬಂದೆ. ಎರಡನೇ ಶನಿವಾರವೆಂಬುದು ಮೇಷ್ಟ್ರಿಗೇ ಮರೆತಿತ್ತು. ಮೇಲೆ ಶ್ರಾವಣದ ಜಡಿಮಳೆ. ಜೆ.ಸಿ. ರಸ್ತೆಯಲ್ಲಿ ಮಳೆಗೆ ನಿಂತಾಗ ಕೆ.ವಿ. ಅಯ್ಯರ್ ನೆನಪಾದರು. ಇದೇ ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸಿದವರು, ವಿದೇಶಿ ಬಾರ್‌ಬೆಲ್ಲಿಗೂ ನಮ್ಮ ಸೂರ್ಯನಮಸ್ಕಾರಕ್ಕೂ ಗಂಟು ಹಾಕಿದವರು. ಬೆಂಗಳೂರಿಗೆ ಬೆರಕೆ ಹೊಸದಲ್ಲ.

ಮಧ್ಯಾಹ್ನ ಅಳಿಯನ ಜೊತೆ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಗೆ ಹೋದೆ. ಚೈತ್ರ ಹುಣ್ಣಿಮೆಯ ರಾತ್ರಿ ಇಲ್ಲಿಂದ ಕರಗ ಹೊರಡುವಾಗ ಬಿಚ್ಚುಗತ್ತಿ ಹಿಡಿದು ಕಾಯುವ ವೀರಕುಮಾರರಿಗೂ ಪೇಟೆಯ ಗರಡಿಗಳಿಗೂ ಹಳೆಯ ನಂಟು. ಆ ರಾತ್ರಿ ಕರಗ ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ನಾವೂ ಅದೇ ದಾರಿಯಲ್ಲಿ ನಡೆದೆವು. ಕರಗ ಒಂದು ರಾತ್ರಿ ಸುತ್ತುವ ದಾರಿಯಲ್ಲಿ ನನ್ನ ಚಪ್ಪಲಿ ಅರ್ಧಕ್ಕೇ ಕಿತ್ತುಹೋಯಿತು.

ಚಮ್ಮಾರನೊಬ್ಬ ಅದನ್ನು ಹೊಲಿಯುವಾಗ ಅಳಿಯ ಕೇಳಿದ: “ಅಲ್ಲ ಮಾವ, ಗುದ್ದು ಪೂರ್ತಿ ಹೋಯಿತು ಎನ್ನುತ್ತೀರಿ. ಮೈಸೂರು ದಸರೆಯ ವಜ್ರಮುಷ್ಟಿ ಮತ್ತೇನು?”

ಬಲೆಗೆ ಬಿದ್ದೆ. ಹುಡುಗ ಹೇಳಿದ್ದು ಸರಿ. ವಿಜಯದಶಮಿಯ ಬೆಳಗ್ಗೆ ಜಂಬೂಸವಾರಿಗೆ ಮುನ್ನ, ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜೆಟ್ಟಿಗಳೆಂಬ ಮಲ್ಲರು ಮೊನೆಗಳಿರುವ ವಜ್ರನಖವನ್ನು ಮುಷ್ಟಿಗೆ ತೊಟ್ಟು ಕಾದುತ್ತಾರೆ. ಮೊದಲ ರಕ್ತ ಜಿನುಗಿದೊಡನೆ ಕಾಳಗ ಮುಗಿಯಿತು. ಮೈಸೂರು, ಚನ್ನಪಟ್ಟಣ, ಚಾಮರಾಜನಗರದವರ ಜೊತೆ ನಮ್ಮ ಬೆಂಗಳೂರಿನ ಜೆಟ್ಟಿಗಳೂ ಅದಕ್ಕೆ ಇಳಿಯುತ್ತಾರೆ. 1535ರ ಹೊತ್ತಿಗೆ ವಿಜಯನಗರದಲ್ಲಿದ್ದ ಇನ್ನೊಬ್ಬ ಪೋರ್ಚುಗೀಸ್, ನೂನಿಜ್, ಕೈಯಲ್ಲಿ ಮೊನೆಯುಳ್ಳ ಬಳೆಗಳನ್ನು ಹಿಡಿದು ಹೊಡೆದಾಡುವ ರಾಜನ ಸಾವಿರ ಮಲ್ಲರ ಬಗ್ಗೆ ಬರೆದಿದ್ದಾನೆ. ಅದೇ ಇದು. ಗುದ್ದು ಸತ್ತಿರಲಿಲ್ಲ. ಮಟ್ಟಿಯಿಂದ ಎದ್ದು ಅರಮನೆ ಸೇರಿ, ವರ್ಷಕ್ಕೊಂದು ದಿನದ ವ್ರತವಾಗಿ ಕುಳಿತಿತ್ತು.

“ಅಂದರೆ ಶುದ್ಧ ನಮ್ಮದು ಎಂದರೆ ವಜ್ರಮುಷ್ಟಿ” ಎಂದ ಅಳಿಯ, ಗೆದ್ದವನಂತೆ.

ಅಲ್ಲಿಗೂ ಬಿಡಲಿಲ್ಲ ನಾನು. ಜೆಟ್ಟಿ ಎಂಬುದು ಜ್ಯೇಷ್ಠಿ ಎಂಬುದರ ತದ್ಭವ. ಗುಜರಾತಿನ ಮೊಢೇರಾದಲ್ಲಿ ಜ್ಯೇಷ್ಠಿಮಲ್ಲರೆಂಬ ಮಲ್ಲರಿದ್ದರು, ‘ಮಲ್ಲಪುರಾಣ’ವೆಂಬ ಸಂಸ್ಕೃತ ಗ್ರಂಥ ಅವರದು. ಅವರ ಕುಲದೇವತೆ ಲಿಂಬಜಾ. ಮೈಸೂರಿನ ಜೆಟ್ಟಿಗಳು ಪೂಜಿಸುವುದು ನಿಂಬಜಾದೇವಿಯನ್ನು. ಚಮ್ಮಾರ ಸೂಜಿ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ. “ಸ್ವಾಮಿ, ಇಪ್ಪತ್ತು ರೂಪಾಯಿ ಕೊಟ್ಟು ಆಮೇಲೆ ಜಗಳವಾಡಿ” ಎಂದ.

ಸಂಜೆ ಮಳೆ ಬಿಟ್ಟಾಗ ಕಂಠೀರವ ಕ್ರೀಡಾಂಗಣದ ಹೊರಗೆ ಕಡಲೆಕಾಯಿ ತಿನ್ನುತ್ತಾ ಕುಳಿತೆವು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಅಳಿಯನಿಗೆ ಕಂಠೀರವನೆಂಬ ರಾಜನಿದ್ದನೆಂದೇ ಗೊತ್ತಿರಲಿಲ್ಲ. ಸಿನಿಮಾ ಹೆಸರೆಂದುಕೊಂಡಿದ್ದನಂತೆ! ಅವನು ರಣಧೀರ ಕಂಠೀರವ ನರಸರಾಜ ಒಡೆಯರ್, 1638ರಲ್ಲಿ ಶ್ರೀರಂಗಪಟ್ಟಣದಲ್ಲಿ ಪಟ್ಟಕ್ಕೆ ಬಂದವನು. ಪಟ್ಟಕ್ಕೆ ಮುಂಚಿನ ಕಥೆಯೊಂದನ್ನು ತಾತ ನನಗೆ ಎಷ್ಟು ಸಲ ಹೇಳಿದ್ದರೋ. ತಿರುಚಿರಾಪಳ್ಳಿಯಲ್ಲಿ ಒಬ್ಬ ಜಟ್ಟಿ ಸೋಲೇ ಕಾಣದೆ ಕೊಬ್ಬಿ, ತನ್ನ ಚಲ್ಲಣವನ್ನು ಕೋಟೆ ಬಾಗಿಲಿಗೆ ತೂಗುಹಾಕಿದ್ದನಂತೆ. ಒಳಗೆ ಬರುವವರೆಲ್ಲ ಅದರ ಕೆಳಗೇ ನುಸುಳಬೇಕು, ನುಸುಳಿದವರು ಸೋಲೊಪ್ಪಿದಂತೆ. ವಿಷಯ ತಿಳಿದ ಕಂಠೀರವ ವೇಷ ಮರೆಸಿಕೊಂಡು ಹೋಗಿ ಅವನೊಡನೆ ಕಾದಿ, ಕೊಂದು, ಹೆಸರು ಹೇಳದೆ ಹಿಂದಿರುಗಿದ. ಐತಿಹ್ಯವೆಂದೇ ಇಟ್ಟುಕೊಳ್ಳೋಣ. ಅಳಿಯ ಮಾತ್ರ ಕಡಲೆಕಾಯಿ ಸುಲಿಯುವುದನ್ನು ಮರೆತ.

ಕಂಠೀರವ ಪಟ್ಟಕ್ಕೆ ಬಂದ ಆ 1638ರ ಹೊತ್ತಿಗೇ ಬೆಂಗಳೂರು ಕೆಂಪೇಗೌಡರ ವಂಶದ ಕೈತಪ್ಪಿ ಬಿಜಾಪುರದ ರಣದುಲ್ಲಾ ಖಾನನ ವಶವಾಯಿತು. ಶಹಾಜಿ ಭೋಸಲೆಗೆ ಜಹಗೀರಾಯಿತು. 1687ರಲ್ಲಿ ಮೊಗಲರ ಖಾಸಿಂ ಖಾನ್ ಹಿಡಿದ. ಅವನಿಂದ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿ ಕೊಟ್ಟು ಪಡೆದರು. ಐವತ್ತು ವರ್ಷಗಳಲ್ಲಿ ಪೇಟೆಯ ಬೀದಿಗಳಲ್ಲಿ ತಿಗಳರು, ಮರಾಠರು, ದಖ್ಖನಿಯರು, ಮೊಗಲ್ ಸವಾರರು, ಮೈಸೂರಿನವರು. ಯುದ್ಧವಿಲ್ಲದ ದಿನ ಸಿಪಾಯಿಗಳು ಎಲ್ಲಿ ಮೈ ಕೈ ಸಡಿಲಿಸುತ್ತಿದ್ದರು? ಗರಡಿಯಲ್ಲೇ ಇರಬೇಕು. ಒಬ್ಬರಿಗೊಬ್ಬರ ಮಾತು ಬಾರದವರೂ ತೊಡೆ ತಟ್ಟಿ ಕೈ ಕಲೆಸಬಹುದು. ಆದರೆ ಅಲ್ಲಿ ಗುದ್ದಿಗೆ ಬಿಟ್ಟರೆ ನಾಳೆ ಬೀದಿಯಲ್ಲಿ ಕತ್ತಿ ಹೊರಬರುತ್ತದೆ. ಗುದ್ದು ಬಿಟ್ಟುಹೋದದ್ದಕ್ಕೆ ನನಗೆ ತೋಚುವ ಕಾರಣ ಇದೇ.

“ನಮ್ಮ ಜಿಮ್ಮಿನಲ್ಲಿ ಕೈಗವಸು ಹಾಕಿಕೊಂಡಿರುತ್ತೇವಲ್ಲ” ಎಂದ ಅಳಿಯ.

ಭಾನುವಾರ

ಅಳಿಯನನ್ನು ಗರಡಿಗೆ ಕರೆದುಕೊಂಡು ಹೋದೆ. ನಾಲ್ಕೂವರೆಗೆ ಎಬ್ಬಿಸಿದ್ದಕ್ಕೆ ಅಕ್ಕ ನನ್ನನ್ನೇ ಬೈದಳು. ದುಬಾರಿ ಟೀ ಶರ್ಟಿನಲ್ಲೇ ಬಂದಿದ್ದ. ಉಸ್ತಾದರು ಅವನ ಕತ್ತನ್ನೂ ಭುಜವನ್ನೂ ಸಂತೆಯಲ್ಲಿ ಹೋರಿ ನೋಡುವಂತೆ ಒತ್ತಿ ನೋಡಿ, “ಮೈ ಇದೆ. ಮಣ್ಣು ಗೊತ್ತಿಲ್ಲ” ಎಂದರು. ಜೊತೆಗೆ ಬಿಟ್ಟದ್ದು ಅವನಿಗಿಂತ ಹತ್ತು ಕಿಲೋ ಹಗುರದ, ಮೊನ್ನೆ ಬಸ್ಕಿ ಹೊಡೆದ ಆ ಹುಡುಗನನ್ನೇ.

ಮೊದಲ ಸುತ್ತು ಅಳಿಯನದು. ತಗ್ಗಿ ನುಗ್ಗಿ ಎರಡೂ ಕಾಲು ತಬ್ಬಿ ಬೀಳಿಸಿಬಿಟ್ಟ. ಬೀಳಿಸಿದ ಮೇಲೆ ಅಭ್ಯಾಸಬಲದಿಂದ ಕೈ ಮೇಲೆದ್ದಿತು, ಎದ್ದದ್ದು ಗಾಳಿಯಲ್ಲೇ ನಿಂತಿತು, ನಾಚಿಕೊಂಡು ಕೆಳಗಿಳಿಯಿತು. ಉಸ್ತಾದರು ಏನೂ ಅನ್ನಲಿಲ್ಲ. ಬಿದ್ದವನು ಬೋರಲಾಗಿ ಆಮೆಯಂತೆ ಮಣ್ಣಿಗೆ ಅಂಟಿಕೊಂಡಿದ್ದ, ಅವನನ್ನು ಮಗುಚಲು ಅಳಿಯನಿಗೆ ಆಗಲೇ ಇಲ್ಲ. ಬೀಳಿಸುವುದು ಬೇರೆ, ಚಿತ್ ಮಾಡುವುದು ಬೇರೆ. ಡಾವು ಪೇಚುಗಳ ಆಟ ಇಲ್ಲಿಂದ ಶುರುವಾಗುತ್ತದೆ. ಪೇಚು ಎಂದರೆ ಪಾರಸಿಯಲ್ಲಿ ತಿರುಚು, ಸುರುಳಿ. ಗರಡಿಯಿಂದ ಹೊರಬಂದ ಆ ಪದಕ್ಕೆ ಕನ್ನಡದಲ್ಲಿ ಸಿಕ್ಕಿಬಿದ್ದವನ ಪಾಡು ಎಂಬ ಅರ್ಥ ಬಂತು. ಅಳಿಯನ ಪೇಚಾಟ ನೋಡುವಾಗ ಎರಡೂ ಅರ್ಥ ಒಟ್ಟಿಗೆ ಕಂಡವು.

ಎರಡನೇ ಸುತ್ತಿನಲ್ಲಿ ಆ ಹುಡುಗ ಅಳಿಯನ ತೋಳು ಹಿಡಿದು, ಬೆನ್ನು ಕೊಟ್ಟು ತಿರುಗಿ, ಭುಜದ ಮೇಲಿನಿಂದ ಅಗಸ ಕಲ್ಲಿಗೆ ಬಟ್ಟೆ ಒಗೆದಂತೆ ಒಗೆದ. ಧೊಪ್ಪೆಂದಿತು ಮಟ್ಟಿ. ಕೆಮ್ಮಣ್ಣಿನಲ್ಲಿ ಅಂಗಾತ ಬಿದ್ದು, ಹೆಂಚು ನೋಡುತ್ತಾ ಅಳಿಯ ಕೇಳಿದ್ದು ಒಂದೇ: “ಇದರ ಹೆಸರೇನು?”

“ಧೋಬಿ ಪಛಾಡ್” ಎಂದ ಹುಡುಗ, ಕೈ ನೀಡಿ ಎಬ್ಬಿಸುತ್ತಾ.

“ನಮ್ಮಲ್ಲಿ ಇದನ್ನು ಜಪಾನಿನ ಹೆಸರಿನಲ್ಲಿ ಕಲಿಸುತ್ತಾರೆ. ಇಷ್ಟು ಚೆನ್ನಾಗಿ ಬರುವುದಿಲ್ಲ. ಇನ್ನೊಮ್ಮೆ ಹಾಕುತ್ತೀಯಾ?”

ಇನ್ನೊಮ್ಮೆ ಹಾಕಿದ. ಆಮೇಲೆ ಏಳು ಸಲ. ಎಂಟನೆಯದಕ್ಕೆ ಅಳಿಯ ತಾನೇ ಹಾಕಿದ, ಅಂದಗೇಡಿಯಾಗಿ. ಅಷ್ಟರಲ್ಲಿ ಟೀ ಶರ್ಟಿನ ತೋಳು ಹರಿದಿತ್ತು. ನನ್ನ ಚೀಲದಲ್ಲಿದ್ದ ಗಂಟು ಬಿಚ್ಚಿ ಚಲ್ಲಣ ಕೊಟ್ಟೆ. ಅವನಿಗೆ ಅಳತೆ ಮಾಡಿ ಹೊಲಿಸಿದಂತಿತ್ತು. ನನಗೂ ಒಂದು ಕಾಲದಲ್ಲಿ ಆ ಸೊಂಟವಿತ್ತು ಎಂಬುದನ್ನು ಗರಡಿಯಲ್ಲಿ ಯಾರೂ ನಂಬಲಿಲ್ಲ.

ಮನೆಗೆ ಬಂದಾಗ ಬಚ್ಚಲ ತೂತು ಕೆಮ್ಮಣ್ಣಿನಿಂದ ಕಟ್ಟಿಕೊಂಡಿತು. “ಅಲ್ಲಿಂದ ಬೆಣ್ಣೆ ತರುತ್ತೀಯೆಂದುಕೊಂಡರೆ ಮಣ್ಣು ತಂದೆಯಲ್ಲೋ” ಎನ್ನುತ್ತಾ ಅಕ್ಕ ಎಲ್ಲವನ್ನೂ ಒಗೆದು, ಹಿಂದೆ ಜಾಗವಿಲ್ಲವೆಂದು ಮುಂದಿನ ಬಾಲ್ಕನಿಯ ತಂತಿಗೆ ಹಾಕಿದಳು. ಊಟ ಮುಗಿಸಿ ಸಂಜೆಯ ರೈಲಿಗೆ ಹೊರಟೆ. ಆಟೊ ಬಂದು ನಿಂತಿತು. ಗೇಟಿನ ನೇರ ಮೇಲೆ, ನೀರು ತೊಟ್ಟಿಕ್ಕುತ್ತಾ ತೂಗಾಡುತ್ತಿತ್ತು ನನ್ನ ಚಲ್ಲಣ. ಕೆಳಮನೆಯ ಯಜಮಾನರು ಸೊಪ್ಪಿನ ಚೀಲ ಹಿಡಿದು ತಲೆ ಬಗ್ಗಿಸಿ ಅದರ ಕೆಳಗೇ ಒಳಗೆ ಬಂದರು, ನಾನು ಅದರ ಕೆಳಗೇ ಹೊರಗೆ ಹೋದೆ.

ಚೀಲ ಹಿಡಿದಿದ್ದ ಅಳಿಯ ಮಾತ್ರ ಗೇಟಿನ ಒಳಗೇ ನಿಂತ. ಮೇಲೆ ನೋಡಿದ. ಚೀಲ ಕೆಳಗಿಟ್ಟು, ಮೂಲೆಯಲ್ಲಿದ್ದ ಬಿದಿರು ಕೋಲು ತಂದು, ಚಲ್ಲಣವನ್ನು ಒಂದು ಮೊಳ ಪಕ್ಕಕ್ಕೆ ಸರಿಸಿ, ಆಮೇಲೆ ದಾಟಿ ಬಂದ.